ನಮ್ಮದೇ ಹೋಂಸ್ಟೇ ವೆಬ್‌ಸೈಟ್ ನೋಡಿದರೆ ನನಗೆ ತಲೆ ಸುತ್ತುತ್ತದೆ, ಏಕೆ?

ಪ್ರಶ್ನೆ: ನಾನು ವಿರಾಜಪೇಟೆ ತಾಲ್ಲೂಕಿನವಳು, ವಯಸ್ಸು 52. ಕಾಫಿ ತೋಟದ ಜೊತೆಗೆ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮನೆಯೇ ತಿರುಗಿದಂತಾಗಿ ಮೂರು ದಿನ ಹಾಸಿಗೆ ಹಿಡಿದೆ. ಒಳಕಿವಿಯ ನರಕ್ಕೆ ಉರಿಯೂತವಾಗಿದೆ ಎಂದು ವೈದ್ಯರು ಹೇಳಿ ಔಷಧ ಕೊಟ್ಟರು, ಗುಣವೂ ಆಯಿತು. ಆದರೆ ಅಂದಿನಿಂದ ಕೆಲವು ವೆಬ್‌ಸೈಟ್‌ಗಳನ್ನು ಮೇಲೆ ಕೆಳಗೆ ಸರಿಸಿದರೆ ಸಾಕು, ತಲೆ ತೇಲಿದಂತಾಗಿ ಓಕರಿಕೆ ಬರುತ್ತದೆ. ಈಗ ಹೋಂಸ್ಟೇಗೆ ಹೊಸ ವೆಬ್‌ಸೈಟ್ ಮಾಡಿಸಿದ್ದೇವೆ. ತೆರೆದ ಕೂಡಲೇ ಪರದೆ ತುಂಬ ಮಂಜು ಸರಿಯುವ ವಿಡಿಯೊ. ಕೆಳಗೆ ಹೋದಂತೆ ತಡಿಯಂಡಮೋಳಿನ ಬೆಟ್ಟಸಾಲುಗಳು ಒಂದರ ಹಿಂದೆ ಒಂದು ಬೇರೆಬೇರೆ ವೇಗದಲ್ಲಿ ಓಡುತ್ತವೆ. ಕಾಫಿ ಹೂವಿನ ಎಸಳುಗಳು ಉದುರುತ್ತವೆ. ಕೋಣೆಗಳ ಫೋಟೊಗಳು ತಾವಾಗಿಯೇ ಬದಲಾಗುತ್ತವೆ. ಎರಡು ನಿಮಿಷಕ್ಕೆ ಮೊಬೈಲ್ ಕೆಳಗಿಟ್ಟೆ. ‘ಅವ್ವಾ, ನಿನಗೆ ಅಭ್ಯಾಸವಿಲ್ಲ ಅಷ್ಟೆ’ ಎಂದು ಮಗ ಹೇಳುತ್ತಾನೆ. ಕಣ್ಣಿನ ವೈದ್ಯರು ಕಣ್ಣು ಸರಿಯಿದೆ ಎಂದರು. ನೀಲಿ ಬೆಳಕು ತಡೆಯುವ ಕನ್ನಡಕ ಹಾಕಿದೆ, ಪರದೆಯನ್ನು ಕಪ್ಪು ಬಣ್ಣಕ್ಕೆ ಬದಲಿಸಿದೆ, ಲೆಕ್ಕ ಬರೆಯಲು ಕೂರುವ ಮುನ್ನ ಬಸ್ಸಿನ ವಾಂತಿ ಮಾತ್ರೆಯನ್ನೂ ನುಂಗಿದೆ. ‘ಇದೇ ಈಗಿನ ಟ್ರೆಂಡ್ ಆಂಟಿ, ಇದನ್ನು ತೆಗೆದರೆ ಬುಕಿಂಗ್ ಬರುವುದಿಲ್ಲ’ ಎನ್ನುತ್ತಾರೆ ವೆಬ್‌ಸೈಟ್ ಮಾಡಿದ ಹುಡುಗ; ಅಂತರರಾಷ್ಟ್ರೀಯ ನಿಯಮಗಳ ಪರೀಕ್ಷೆಯಲ್ಲಿ ಅದು ಪಾಸಾಗಿದೆಯಂತೆ. ಇದು ಮೂರ್ಛೆರೋಗದ ಲಕ್ಷಣವೇ ಎಂಬ ಭಯವೂ ಇದೆ. ಅನಿಮೇಷನ್ ಎಲ್ಲವನ್ನೂ ತೆಗೆಸಬೇಕೆ? ಪುತ್ತರಿ ಹಬ್ಬದೊಳಗೆ ವೆಬ್‌ಸೈಟ್ ಹೊರಬರಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳು ಹೆಣೆದುಕೊಂಡಿವೆ: ನಿಮ್ಮ ದೇಹಕ್ಕೆ ಏನಾಗುತ್ತಿದೆ ಎಂಬುದು ಒಂದು, ನಿಮ್ಮ ವೆಬ್‌ಸೈಟನ್ನು ಏನು ಮಾಡಬೇಕು ಎಂಬುದು ಇನ್ನೊಂದು. ನಾನು ವೈದ್ಯನಲ್ಲ, ಆದ್ದರಿಂದ ಮೊದಲನೆಯದರಲ್ಲಿ ಕೊನೆಯ ಮಾತು ಕಿವಿ-ಮೂಗು-ಗಂಟಲು ತಜ್ಞರದು. ಆದರೆ ವೆಬ್‌ಸೈಟ್‌ಗಳು ಎಲ್ಲರ ಬಳಕೆಗೂ ಒದಗುತ್ತವೆಯೇ ಎಂದು ಪರೀಕ್ಷಿಸುವುದೇ ನನ್ನ ಕಸುಬಾದ್ದರಿಂದ, ನಿಮ್ಮಂಥ ತೊಂದರೆ ಇರುವವರ ಪಕ್ಕದಲ್ಲಿ ಕುಳಿತು, ಯಾವ ಪುಟದ ಯಾವ ಚಲನೆಗೆ ಅವರು ಮುಖ ತಿರುಗಿಸುತ್ತಾರೆ ಎಂಬುದನ್ನು ಬಹಳ ಸಲ ಕಂಡಿದ್ದೇನೆ. ಆ ಅನುಭವದಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ನೀವು ವಿವರಿಸಿರುವುದು ಭ್ರಮೆಯೂ ಅಲ್ಲ, ಅಭ್ಯಾಸದ ಕೊರತೆಯೂ ಅಲ್ಲ.

ನಮ್ಮ ಎರಡೂ ಒಳಕಿವಿಗಳಲ್ಲಿ ಮೂರು ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತು ಎಂಬುದನ್ನು ಅವು ಮಿದುಳಿಗೆ ತಿಳಿಸುತ್ತವೆ. ಅವುಗಳ ಬುಡದಲ್ಲಿರುವ ಎರಡು ಸಣ್ಣ ಚೀಲಗಳು ನೇರ ಚಲನೆಯನ್ನೂ ಭೂಮಿಯ ಸೆಳೆತವನ್ನೂ ಅಳೆಯುತ್ತವೆ. ಕಣ್ಣು ಮತ್ತು ಪಾದ-ಕೀಲುಗಳಿಂದ ಬರುವ ಸುದ್ದಿಯ ಜೊತೆ ಇದನ್ನು ತಾಳೆ ನೋಡಿಯೇ ಮಿದುಳು ‘ನಾನು ನಿಂತಿದ್ದೇನೆ’ ಅಥವಾ ‘ನಾನು ಚಲಿಸುತ್ತಿದ್ದೇನೆ’ ಎಂದು ತೀರ್ಮಾನಿಸುತ್ತದೆ. ಸುದ್ದಿಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ತಲೆಸುತ್ತು, ಓಕರಿಕೆ, ಬೆವರು ಕಾಣಿಸಿಕೊಳ್ಳುತ್ತವೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮೊಬೈಲ್ ಓದುತ್ತ ಕುಳಿತ ಪ್ರಯಾಣಿಕರಿಗೆ ಆಗುವುದು ಇದೇ: ಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಅಲುಗದ ಅಕ್ಷರಗಳನ್ನು ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ನಿಮ್ಮ ವೆಬ್‌ಸೈಟ್ ಇದೇ ಜಗಳವನ್ನು ತಲೆಕೆಳಗು ಮಾಡಿ ನಡೆಸುತ್ತದೆ. ನೀವು ಜಗಲಿಯಲ್ಲಿ ಕುಳಿತಿದ್ದೀರಿ, ಕಿವಿಗೆ ಅದು ಗೊತ್ತು. ಕಣ್ಣು ಮಾತ್ರ ಬೆಟ್ಟಗಳು ಓಡುವುದನ್ನು ಕಂಡು ನೀವೇ ಸಾಗುತ್ತಿದ್ದೀರಿ ಎಂದು ಹೇಳುತ್ತದೆ.

ಕಣ್ಣಿನ ಮಾತನ್ನು ಮಿದುಳು ಎಷ್ಟು ಸುಲಭವಾಗಿ ನಂಬುತ್ತದೆ ಎಂಬುದಕ್ಕೆ ಪಠ್ಯಪುಸ್ತಕಗಳು ಪಕ್ಕದ ಹಳಿಯ ರೈಲಿನ ಉದಾಹರಣೆ ಕೊಡುತ್ತವೆ. ರೈಲುಮಾರ್ಗವೇ ಇಲ್ಲದ ನಮ್ಮ ಜಿಲ್ಲೆಗೆ ಮಡಿಕೇರಿಯ ಬಸ್ ನಿಲ್ದಾಣ ಸಾಕು: ಪಕ್ಕದ ಬಸ್ಸು ಹಿಂದಕ್ಕೆ ಸರಿದಾಗ ನಮ್ಮ ಬಸ್ಸೇ ಮುಂದಕ್ಕೆ ಹೊರಟಂತಾಗಿ ಕಾಲು ತಾನಾಗಿಯೇ ಊರಿಕೊಳ್ಳುತ್ತದೆ. ಮಳೆಗಾಲದಲ್ಲಿ ಕುಶಾಲನಗರದಿಂದ ಕೊಪ್ಪಕ್ಕೆ ದಾಟುವ ಸೇತುವೆಯ ಮೇಲೆ ನಿಂತು ಕಾವೇರಿಯ ಕೆಂಪು ನೀರನ್ನೇ ದಿಟ್ಟಿಸಿದವರಿಗೂ ಸೇತುವೆಯೇ ಹರಿವಿಗೆ ಎದುರಾಗಿ ತೇಲಿದಂತೆ ಅನ್ನಿಸಿರುತ್ತದೆ. ಆರೋಗ್ಯವಂತರಿಗೂ ಆಗುವ ಈ ಅನುಭವ ಅವರಲ್ಲಿ ಒಂದೆರಡು ಕ್ಷಣದಲ್ಲಿ ಕರಗುತ್ತದೆ. ಒಳಕಿವಿಯ ನರ ಒಮ್ಮೆ ಪೆಟ್ಟು ತಿಂದವರಲ್ಲಿ ಹಾಗಾಗದಿರಬಹುದು. ಕಿವಿಯ ಸುದ್ದಿಯ ಮೇಲೆ ಭರವಸೆ ಕಳೆದುಕೊಂಡ ಮಿದುಳು ಕಣ್ಣಿನ ಮೇಲೆ ಹೆಚ್ಚು ಅವಲಂಬಿತವಾಗುತ್ತದೆ. ನರ ಗುಣವಾದ ಮೇಲೂ ಕೆಲವರಲ್ಲಿ ಆ ಅವಲಂಬನೆ ಉಳಿದುಬಿಡುತ್ತದೆ. ಸೂಪರ್ ಮಾರ್ಕೆಟ್‌ನ ಉದ್ದನೆಯ ಕಪಾಟುಗಳ ನಡುವೆ ನಡೆಯುವಾಗಲೂ ನಿಮಗೆ ಇಂಥದ್ದೇ ತೇಲಾಟ ಅನುಭವಕ್ಕೆ ಬರುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ, ಅದು ಅವರಿಗೆ ದೊಡ್ಡ ಸುಳಿವು. ತಿಂಗಳುಗಟ್ಟಲೆ ಉಳಿಯುವ, ಚಲಿಸುವ ದೃಶ್ಯಗಳಿಂದ ಉಲ್ಬಣಿಸುವ ಇಂಥ ತಲೆಸುತ್ತಿಗೆ ಬಾರಾನಿ ಸೊಸೈಟಿ ಎಂಬ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ರೋಗನಿರ್ಣಯದ ಮಾನದಂಡಗಳನ್ನೇ ಪ್ರಕಟಿಸಿದೆ. ಮೈಗ್ರೇನ್ ಇರುವವರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ನಿಮ್ಮದು ಯಾವುದು ಎಂದು ನಾನು ಊಹಿಸುವುದು ಸರಿಯಲ್ಲ.

ಇನ್ನು ನೀವು ಮಾಡಿ ನೋಡಿದ ಉಪಾಯಗಳು. ನೀಲಿ ಬೆಳಕಿನ ಕನ್ನಡಕವೂ ಕಪ್ಪು ಪರದೆಯೂ ಬೆಳಕಿಗೆ ಸಂಬಂಧಿಸಿದವು. ನಿಮ್ಮನ್ನು ಕಾಡುತ್ತಿರುವುದು ಚಲನೆ. ಕಪ್ಪು ಹಿನ್ನೆಲೆಯ ಮೇಲೆ ಓಡುವ ಬೆಟ್ಟವೂ ಓಡುವ ಬೆಟ್ಟವೇ. ವಾಂತಿ ಮಾತ್ರೆಯ ವಿಷಯ ಮಾತ್ರ ಸ್ವಲ್ಪ ಗಂಭೀರ. ಅಂಥ ಹಲವು ಮಾತ್ರೆಗಳು ಸಮತೋಲನ ವ್ಯವಸ್ಥೆಯನ್ನೇ ಮಂಕಾಗಿಸುತ್ತವೆ. ಘಾಟಿ ದಾಟುವ ಒಂದು ದಿನಕ್ಕೆ ಅದು ಸರಿ, ಆದರೆ ದಿನವೂ ನುಂಗಿದರೆ ಮಿದುಳು ಹೊಸ ಪರಿಸ್ಥಿತಿಗೆ ಒಗ್ಗಿಕೊಳ್ಳುವ ಕೆಲಸವೇ ನಿಧಾನವಾಗುತ್ತದೆ. ವೈದ್ಯರನ್ನು ಕೇಳದೆ ಅದನ್ನು ಮುಂದುವರಿಸಬೇಡಿ. ಸಮತೋಲನಕ್ಕಾಗಿಯೇ ಇರುವ ವ್ಯಾಯಾಮ ಚಿಕಿತ್ಸೆಯ ಬಗ್ಗೆ ಅವರಲ್ಲಿ ಕೇಳಿ. ತರಬೇತಿ ಪಡೆದ ಫಿಸಿಯೊಥೆರಪಿಸ್ಟ್ ಚಲನೆಯನ್ನು ಅಳತೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸುತ್ತಾರೆ. ನಿಮ್ಮ ಮಗ ಹೇಳುವ ‘ಅಭ್ಯಾಸ’ದಲ್ಲಿ ಇಷ್ಟರ ಮಟ್ಟಿಗೆ ಸತ್ಯವಿದೆ. ಆದರೆ ಕೋಣೆ ಕಾಯ್ದಿರಿಸಲು ಬಂದವರಿಗೆ ಅವರನ್ನು ಕೇಳದೆ ಆ ವ್ಯಾಯಾಮ ಮಾಡಿಸುವ ಹಕ್ಕು ಯಾವ ವೆಬ್‌ಸೈಟಿಗೂ ಇಲ್ಲ. ತಲೆಸುತ್ತಿನ ಜೊತೆ ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಮುಖ ಅಥವಾ ಕೈಕಾಲು ಸೋಲುವುದು, ಹಿಂದೆಂದೂ ಬಾರದಂಥ ತಲೆನೋವು ಹಠಾತ್ತನೆ ಬಂದರೆ ಮಾತ್ರ ಇದ್ಯಾವುದನ್ನೂ ಯೋಚಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೂರ್ಛೆರೋಗದ ಭಯಕ್ಕೆ ಉತ್ತರ: ಅದು ಬೇರೆ ದಾರಿ. ಕೆಲವರಲ್ಲಿ ವೇಗವಾಗಿ ಮಿನುಗುವ ಬೆಳಕು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಕೆಣಕಿ ಮೂರ್ಛೆ ತರಿಸುತ್ತದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ಮಿನುಗಿದಾಗ 685 ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಯಾವುದೂ ಮಿನುಗಬಾರದು ಎಂಬ ವೆಬ್ ನಿಯಮ ಇರುವುದು ಇಂಥವರಿಗಾಗಿ. ಅವರಿಗೆ ‘ನಿಲ್ಲಿಸಿ’ ಎಂಬ ಗುಂಡಿ ಕೊಟ್ಟು ಪ್ರಯೋಜನವಿಲ್ಲ, ಒತ್ತುವಷ್ಟರಲ್ಲಿ ಅನಾಹುತ ಆಗಿಹೋಗಿರುತ್ತದೆ. ಮಿನುಗು ಮೊದಲಿನಿಂದಲೇ ಇರಬಾರದು. ನೀವು ಬರೆದಿರುವ ಲಕ್ಷಣಗಳು ಆ ಬಗೆಯವಲ್ಲ. ಪ್ರಜ್ಞೆ ತಪ್ಪಿದ ಅಥವಾ ಕೈಕಾಲು ಅದುರಿದ ಅನುಭವ ಎಂದಾದರೂ ಆಗಿದ್ದರೆ ನರರೋಗ ತಜ್ಞರಿಗೆ ತೋರಿಸಿ.

ಈಗ ಬೆಟ್ಟಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ವೆಬ್‌ಸೈಟಿನಲ್ಲಿ ನಿಜವಾದ ಅಪರಾಧಿ ಅವೇ. ಗೋಣಿಕೊಪ್ಪಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದಾಗ ಬೇಲಿ ಪಕ್ಕದ ಸಿಲ್ವರ್ ಓಕ್ ಮರಗಳು ಸರ್ರನೆ ಹಿಂದೆ ಹೋಗುತ್ತವೆ, ತೋಟದ ನಡುವಿನ ಮರಗಳು ನಿಧಾನವಾಗಿ, ದೂರದ ಬೆಟ್ಟ ಇನ್ನೂ ನಿಧಾನವಾಗಿ. ಈ ವೇಗಗಳ ವ್ಯತ್ಯಾಸದಿಂದಲೇ ಮಿದುಳು ದೂರವನ್ನೂ ತನ್ನ ಚಲನೆಯನ್ನೂ ಲೆಕ್ಕ ಹಾಕುತ್ತದೆ. ವಿನ್ಯಾಸಕಾರರು ಪ್ಯಾರಲ್ಯಾಕ್ಸ್ ಎಂದು ಕರೆಯುವ ತಂತ್ರ ಇದನ್ನೇ ನಕಲು ಮಾಡುತ್ತದೆ. ಅಂದರೆ ಅವರು ಅಲಂಕಾರಕ್ಕೆಂದು ಆರಿಸಿಕೊಂಡದ್ದು, ‘ನೀನು ಚಲಿಸುತ್ತಿದ್ದೀಯೆ’ ಎಂದು ಮಿದುಳಿಗೆ ಹೇಳುವ ಅತ್ಯಂತ ಪ್ರಬಲವಾದ ಸೂಚನೆಗಳಲ್ಲಿ ಒಂದನ್ನು. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಘಾಟಿಯಲ್ಲಿ ವಾಹನ ಓಡಿಸುವವರಿಗೆ ವಾಂತಿ ಬರುವುದು ಅಪರೂಪ, ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತಿರುತ್ತದೆ. ಸಾಮಾನ್ಯ ಪುಟವನ್ನು ಬೆರಳಿನಿಂದ ಸರಿಸುವಾಗ ನೀವು ಚಾಲಕಿ: ಬೆರಳು ಹೋದಷ್ಟೇ ಪುಟ ಹೋಗುತ್ತದೆ. ಬೆರಳು ಇಂಚಿನಷ್ಟು ಸರಿದಾಗ ಹಿಂದಿನ ಬೆಟ್ಟ ಅರ್ಧ ಇಂಚು, ಮುಂದಿನದು ಎರಡು ಇಂಚು ಸರಿದು, ಎಸಳುಗಳು ಓರೆಯಾಗಿ ಬಿದ್ದರೆ, ನೀವು ಹಿಂದಿನ ಸೀಟಿನ ಪ್ರಯಾಣಿಕರಾಗುತ್ತೀರಿ.

ಆದ್ದರಿಂದ ‘ಅನಿಮೇಷನ್ ಎಲ್ಲವನ್ನೂ ತೆಗೆಸಬೇಕೆ’ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. ಪರದೆಯ ಬಹುಭಾಗವನ್ನು ಆವರಿಸುವ, ಹಿಗ್ಗುವ, ತಿರುಗುವ, ಪದರಗಳಾಗಿ ಓಡುವ, ನೀವು ಕೇಳದೆಯೇ ಶುರುವಾಗುವ ಚಲನೆ ಕೆಡುಕು ಮಾಡುತ್ತದೆ. ಗುಂಡಿ ಒತ್ತಿದಾಗ ಅದರ ಬಣ್ಣ ಬದಲಾಗುವುದು, ಒಂದು ಚಿತ್ರ ಇದ್ದಲ್ಲೇ ಮಸುಕಾಗಿ ಇನ್ನೊಂದು ಮೂಡುವುದು, ಸಣ್ಣ ಗುರುತೊಂದು ಒಮ್ಮೆ ಅಲುಗಿ ನಿಲ್ಲುವುದು ಬಹುತೇಕ ಯಾರನ್ನೂ ಬಾಧಿಸುವುದಿಲ್ಲ. ಎಲ್ಲಿ ಏನಾಯಿತು ಎಂದು ತಿಳಿಯಲು ಅವು ಸಹಾಯಕವೂ ಹೌದು.

ನಿಯಮಗಳ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಮಾತು ಸುಳ್ಳಿರಲಾರದು, ಅಲ್ಲಿಯೇ ತೊಡಕು ಇರುವುದು. ಡಬ್ಲ್ಯುಸಿಎಜಿ ಎಂಬ ಜಾಗತಿಕ ಮಾರ್ಗಸೂಚಿಯಲ್ಲಿ ಮೂರು ಹಂತಗಳಿವೆ: ಎ, ಎಎ, ಎಎಎ. ತಾನಾಗಿಯೇ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ, ಪುಟದ ಉಳಿದ ವಿಷಯದ ಜೊತೆಜೊತೆಗೇ ಓಡುವ ಚಲನೆಯನ್ನು ನಿಲ್ಲಿಸಲು ಅಥವಾ ಮರೆಮಾಡಲು ದಾರಿ ಇರಬೇಕು ಎಂಬುದು ಎ ಹಂತದ, ಅಂದರೆ ತೀರ ಕನಿಷ್ಠದ ನಿಯಮ. ನಿಮ್ಮ ಮಂಜಿನ ವಿಡಿಯೊ ಮತ್ತು ತಾನಾಗಿ ಬದಲಾಗುವ ಫೋಟೊಗಳು ಇದರ ಅಡಿಯಲ್ಲಿ ಬರುತ್ತವೆ. ಅಲ್ಲಿ ನಿಲ್ಲಿಸುವ ಗುಂಡಿ ಇಲ್ಲದಿದ್ದರೆ ಪರೀಕ್ಷೆಯೇ ಸರಿಯಾಗಿ ನಡೆದಿಲ್ಲ. ಆದರೆ ಬಳಕೆದಾರರು ಪುಟ ಸರಿಸಿದಾಗ ಹುಟ್ಟುವ ಚಲನೆಯನ್ನು, ಅಂದರೆ ನಿಮ್ಮ ಬೆಟ್ಟಗಳಂಥವನ್ನು, ನಿಲ್ಲಿಸಲು ಸಾಧ್ಯವಾಗಬೇಕೆಂಬ ನಿಯಮ 2018ರ 2.1 ಆವೃತ್ತಿಯಲ್ಲಿ ಸೇರಿದ್ದು ಎಎಎ ಹಂತದಲ್ಲಿ. ಸಾಮಾನ್ಯವಾಗಿ ಎಲ್ಲರೂ ಪರೀಕ್ಷಿಸುವುದು ಎಎವರೆಗೆ ಮಾತ್ರ. ಹೀಗಾಗಿ ಒಂದು ವೆಬ್‌ಸೈಟ್ ಪೂರ್ಣ ಅಂಕ ಗಳಿಸಿಯೂ ನಿಮಗೆ ವಾಂತಿ ತರಿಸಬಹುದು. ಈ ನಿಯಮವನ್ನು ಅಷ್ಟು ಮೇಲಕ್ಕೆ ಇಟ್ಟದ್ದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ. ಪಾಲಿಸಲು ಅದಕ್ಕೆ ಬೇಕಾದ ಶ್ರಮ ತೀರ ಕಡಿಮೆ.

ಏಕೆಂದರೆ ಚಲನೆ ಬೇಕೇ ಬೇಡವೇ ಎಂದು ಬಳಕೆದಾರರಿಂದ ತಿಳಿಯುವ ವ್ಯವಸ್ಥೆ ಆಗಲೇ ಇದೆ. 2013ರಲ್ಲಿ ಐಫೋನಿನ ಏಳನೆಯ ಐಒಎಸ್ ಆವೃತ್ತಿ ಹಿಗ್ಗಿ ಕುಗ್ಗುವ ಪರದೆಗಳೊಂದಿಗೆ ಬಂದಾಗ ತಲೆಸುತ್ತಿನ ದೂರುಗಳು ಕೇಳಿಬಂದು, ಕೆಲವೇ ವಾರಗಳಲ್ಲಿ ಆಪಲ್ ಸಂಸ್ಥೆ ಆ ಹಿಗ್ಗುವಿಕೆಯನ್ನೂ ನಿಲ್ಲಿಸುವ ಅವಕಾಶ ಕೊಟ್ಟಿತು. ಫೋನಿನ ಆ ಆಯ್ಕೆಯನ್ನು ವೆಬ್‌ಸೈಟ್‌ಗಳೂ ತಿಳಿದುಕೊಳ್ಳುವಂತೆ ಮಾಡುವ ‘ಪ್ರಿಫರ್ಸ್ ರಿಡ್ಯೂಸ್ಡ್ ಮೋಷನ್’ ಎಂಬ ಸೂಚನೆ 2017ರಲ್ಲಿ ಸಫಾರಿಗೆ, 2018ರಲ್ಲಿ ಫೈರ್‌ಫಾಕ್ಸ್‌ಗೆ, 2019ರಲ್ಲಿ ಕ್ರೋಮ್‌ಗೆ ಬಂತು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಮೋಷನ್, ಅಲ್ಲಿ ‘ರಿಡ್ಯೂಸ್ ಮೋಷನ್’. ಆಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿಯ ಒಳಗೆ ‘ರಿಮೂವ್ ಅನಿಮೇಷನ್ಸ್’, ಕಂಪನಿಯಿಂದ ಕಂಪನಿಗೆ ಅದರ ಜಾಗ ತುಸು ಬದಲಾಗುತ್ತದೆ. ವಿಂಡೋಸ್ 11ರಲ್ಲಿ ಆಕ್ಸೆಸಿಬಿಲಿಟಿ, ವಿಶುವಲ್ ಎಫೆಕ್ಟ್ಸ್, ‘ಅನಿಮೇಷನ್ ಎಫೆಕ್ಟ್ಸ್’ ಆಫ್ ಮಾಡುವುದು. ಇವತ್ತೇ ಇದನ್ನು ಮಾಡಿ ನಿಮ್ಮ ವೆಬ್‌ಸೈಟನ್ನು ಮತ್ತೆ ತೆರೆಯಿರಿ. ಬೆಟ್ಟಗಳು ಇನ್ನೂ ಓಡುತ್ತಿದ್ದರೆ, ಫೋನ್ ಹೇಳಿದ ಮಾತನ್ನು ವೆಬ್‌ಸೈಟ್ ಕೇಳಿಸಿಕೊಂಡಿಲ್ಲ ಎಂದರ್ಥ. ಈ ಸೆಟ್ಟಿಂಗ್‌ನ ಮಿತಿಯೂ ಅದೇ: ಅದು ವಿನಂತಿ ಮಾತ್ರ, ಆಜ್ಞೆಯಲ್ಲ. ಕೇಳಿಸಿಕೊಳ್ಳದ ಸೈಟ್‌ಗಳಲ್ಲಿ ಬರಹವನ್ನೇ ಮುಖ್ಯವಾಗಿ ತೋರಿಸುವ ಬ್ರೌಸರಿನ ರೀಡರ್ ನೋಟವನ್ನು ಬಳಸಿ. ಕಂಪ್ಯೂಟರಿನಲ್ಲಾದರೆ ಕಿಟಕಿಯನ್ನು ಚಿಕ್ಕದಾಗಿಸಿ, ಕೋಣೆಯ ಗೋಡೆ, ಬಾಗಿಲು ಸುತ್ತಲೂ ಕಾಣುವಂತೆ ದೂರ ಕುಳಿತುಕೊಳ್ಳಿ, ಅಲುಗದ ವಸ್ತುಗಳು ಕಣ್ಣಂಚಿನಲ್ಲಿದ್ದರೆ ಮಿದುಳಿಗೆ ಆಸರೆ ಸಿಗುತ್ತದೆ.

ವೆಬ್‌ಸೈಟ್ ಮಾಡಿದವರ ಮುಂದೆ ಇರುವ ದಾರಿಗಳಲ್ಲಿ ನನಗೆ ಹೆಚ್ಚು ಒಪ್ಪಿಗೆಯಾದದ್ದು, ಪುಟವನ್ನು ಮೊದಲು ನಿಶ್ಚಲವಾಗಿಯೇ ಕಟ್ಟಿ, ಚಲನೆ ಬೇಡವೆಂದು ಹೇಳದವರಿಗೆ ಮಾತ್ರ ಅದನ್ನು ಮೇಲಿನಿಂದ ಸೇರಿಸುವುದು. ಬಹುಮಂದಿ ಇದನ್ನು ಹಿಂದುಮುಂದಾಗಿ ಮಾಡುತ್ತಾರೆ: ಎಲ್ಲ ಚಲನೆಯನ್ನೂ ಹಾಕಿ, ಕೊನೆಯಲ್ಲಿ ನಾಲ್ಕು ಸಾಲಿನ ಸಿಎಸ್ಎಸ್ (ಪುಟದ ರೂಪವನ್ನು ನಿರ್ಧರಿಸುವ ಸಂಕೇತ) ಬರೆದು ಪ್ರತಿಯೊಂದು ಅನಿಮೇಷನಿನ ಅವಧಿಯನ್ನು ಸೊನ್ನೆಗೆ ಹತ್ತಿರ ತರುತ್ತಾರೆ. ಇದು ಅಗ್ಗ, ಆದರೆ ಇದರಲ್ಲಿ ಅಪಾಯಗಳಿವೆ. ಕೊನೆಯಿಲ್ಲದೆ ಪುನರಾವರ್ತನೆಯಾಗುವ ಅನಿಮೇಷನಿನ ಅವಧಿಯನ್ನಷ್ಟೇ ಕುಗ್ಗಿಸಿ, ಅದು ಒಂದೇ ಬಾರಿ ನಡೆಯುವಂತೆ ಮಾಡದಿದ್ದರೆ, ಮೆಲ್ಲಗೆ ತೇಲುತ್ತಿದ್ದದ್ದು ಹುಚ್ಚು ಹಿಡಿದಂತೆ ಮಿನುಗಲು ತೊಡಗಬಹುದು. ಸಿಎಸ್ಎಸ್‌ನ ಈ ಸಾಲುಗಳು ವಿಡಿಯೊವನ್ನಾಗಲಿ ಜಿಐಎಫ್ ಚಿತ್ರವನ್ನಾಗಲಿ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆ ಓಡಿಸುವ ಬೆಟ್ಟಗಳನ್ನಾಗಲಿ ಮುಟ್ಟುವುದೂ ಇಲ್ಲ. ಅವಕ್ಕೆ ಪ್ರತ್ಯೇಕವಾಗಿ ಬರೆಯಬೇಕು. ಒಂದು ಸಲ ನಾನು ಪರೀಕ್ಷಿಸಿದ ಬುಕಿಂಗ್ ಪುಟವೊಂದರಲ್ಲಿ ಚಲನೆ ನಿಲ್ಲಿಸಿದ ಕೂಡಲೇ ಕೋಣೆಗಳ ದರಗಳೇ ಮಾಯವಾಗಿದ್ದವು. ಅಲ್ಲಿನ ಅಕ್ಷರಗಳು ಮೊದಲು ಅದೃಶ್ಯವಾಗಿದ್ದು ಅನಿಮೇಷನ್ ಮೂಲಕ ಕಾಣಿಸಿಕೊಳ್ಳುವಂತೆ ಬರೆಯಲಾಗಿತ್ತು. ಅನಿಮೇಷನ್ ನಡೆಯಲಿಲ್ಲ, ಅಕ್ಷರಗಳು ಮೂಡಲಿಲ್ಲ. ಬಳಕೆದಾರರಿಗೆ ಸಿಕ್ಕಿದ್ದು ಬಿಳಿ ಪುಟ.

ಪುಟದ ಮೇಲೆಯೇ ‘ಚಲನೆ ನಿಲ್ಲಿಸಿ’ ಎಂಬ ಗುಂಡಿ ಇಡುವುದೂ ಒಳ್ಳೆಯದು, ಏಕೆಂದರೆ ಫೋನಿನ ಆ ಸೆಟ್ಟಿಂಗ್ ಇದೆಯೆಂದೇ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೆ ಗುಂಡಿಯೊಂದನ್ನೇ ನಂಬಬಾರದು. ಅದನ್ನು ಹುಡುಕುವಷ್ಟರಲ್ಲಿ ಮೊದಲ ಅಲೆ ಬಡಿದಾಗಿರುತ್ತದೆ. ಒಂದು ಸಾಲು ಅಂಟಿಸಿದರೆ ಸೈಟ್ ಎಲ್ಲರಿಗೂ ಅನುಕೂಲವಾಗುತ್ತದೆ ಎಂದು ಮಾರುವ ಸಿದ್ಧ ಪ್ಲಗಿನ್‌ಗಳಿಗೆ ದುಡ್ಡು ಕೊಡಬೇಡಿ. ಮೂಲ ಪುಟದ ದೋಷವನ್ನು ಅವು ಸರಿಪಡಿಸುವುದಿಲ್ಲ.

ಬುಕಿಂಗ್ ಕಡಿಮೆಯಾಗುತ್ತದೆ ಎಂಬ ಹೆದರಿಕೆಯನ್ನು ನೀವು ತಿರುಗಿಸಿ ಕೇಳಬಹುದು. ಇಂಥ ಚರ್ಚೆಗಳಲ್ಲಿ ‘40 ದಾಟಿದವರಲ್ಲಿ ಶೇ 35 ಮಂದಿಗೆ ಈ ತೊಂದರೆ’ ಎಂಬ ಅಂಕಿಯನ್ನು ಉಲ್ಲೇಖಿಸುವುದುಂಟು. ಅದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ್ದು. ಅಲ್ಲಿ ಅಳೆದದ್ದು ಕಣ್ಣು ಮುಚ್ಚಿ ಮೆತ್ತನೆಯ ಹಾಸಿನ ಮೇಲೆ ನಿಲ್ಲುವ ಸಮತೋಲನವನ್ನೇ ಹೊರತು ಪರದೆಯ ಸೂಕ್ಷ್ಮತೆಯನ್ನಲ್ಲ. ಆದ್ದರಿಂದ ನಾನು ಆ ಅಂಕಿಯನ್ನು ವಾದಕ್ಕೆ ಬಳಸುವುದಿಲ್ಲ, ನೀವೂ ಬಳಸಬೇಡಿ. ಅದಕ್ಕಿಂತ ಗಟ್ಟಿಯಾದ ವಾದ ನಿಮ್ಮ ರಸ್ತೆಯಲ್ಲೇ ಇದೆ. ನಿಮ್ಮ ಅತಿಥಿಗಳು ‘ದಾರಿ’ ಪುಟವನ್ನು ತೆರೆಯುವುದು ಎಲ್ಲಿ? ಮಾಕುಟ್ಟ ಘಾಟಿಯಲ್ಲೋ ಸಂಪಾಜೆಯಲ್ಲೋ ಹತ್ತುತ್ತಿರುವ ಕಾರಿನ ಪಕ್ಕದ ಸೀಟಿನಲ್ಲಿ, ಆಗಲೇ ಹೊಟ್ಟೆ ತೊಳಸುತ್ತಿರುವಾಗ, ನೆಟ್‌ವರ್ಕ್ ಒಂದು ಗೆರೆಗೆ ಇಳಿದಿರುವಾಗ. ಆ ಗಳಿಗೆಯಲ್ಲಿ ಭಾರಿ ವಿಡಿಯೊ ಇಳಿಯುವುದೇ ಇಲ್ಲ, ಇಳಿದರೆ ಇನ್ನೂ ಕಷ್ಟ. ಕಾರಿನಲ್ಲಿ ಫೋನ್ ನೋಡುವವರ ಓಕರಿಕೆ ತಗ್ಗಿಸಲು ಆಪಲ್ ಸಂಸ್ಥೆ 2024ರಲ್ಲಿ ವಾಹನದ ಚಲನೆಗೆ ತಕ್ಕಂತೆ ಪರದೆಯಂಚಿನಲ್ಲಿ ಚುಕ್ಕಿಗಳು ಸರಿಯುವ ಸೌಲಭ್ಯ ತಂದಿತು. ಚಲನೆಯೇ ಔಷಧವಾಗುವ ಉದಾಹರಣೆ ಅದು, ಏಕೆಂದರೆ ಅಲ್ಲಿ ಕಣ್ಣಿಗೆ ಕಾಣುವುದು ಕಿವಿ ಹೇಳುವುದಕ್ಕೆ ಹೊಂದುತ್ತದೆ.

ಕಾನೂನಿನ ಮಾತು ಒಂದೆರಡು ಸಾಲು ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ತಲೆಸುತ್ತಿನ ಹೆಸರಿಲ್ಲ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೆಯ ವಿಧಿಯ ಬದುಕಿನ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ನಾಲ್ಕು ಕೋಣೆಯ ಹೋಂಸ್ಟೇಗೆ ಇದರಿಂದ ನಾಳೆಯೇ ನೋಟಿಸ್ ಬರುತ್ತದೆ ಎಂದು ನಾನು ಹೆದರಿಸುತ್ತಿಲ್ಲ.

ವಿನ್ಯಾಸಕಾರರಿಗೆ ‘ತಲೆ ಸುತ್ತುತ್ತದೆ, ಸರಿಮಾಡಿ’ ಎಂದು ಹೇಳಿದರೆ ಅವರು ವೇಗ ತುಸು ತಗ್ಗಿಸಿ ಮುಗಿಸುತ್ತಾರೆ. ಹೀಗೆ ಬರೆದು ಕಳಿಸಿ: ‘ಮುಖಪುಟದಲ್ಲಿ ಮಂಜಿನ ಸ್ಥಿರಚಿತ್ರ ಇರಲಿ, ಅದರ ಮೇಲೆ ವಿಡಿಯೊ ನೋಡುವ ಗುಂಡಿ ಇರಲಿ, ಒತ್ತಿದವರಿಗೆ ಮಾತ್ರ ಓಡಲಿ. ಕೋಣೆಯ ಫೋಟೊಗಳು ಬಾಣದ ಗುರುತು ಒತ್ತಿದಾಗ ಮಾತ್ರ ಬದಲಾಗಲಿ, ಪಕ್ಕಕ್ಕೆ ಜಾರದೆ ಇದ್ದಲ್ಲೇ ಮೂಡಲಿ. ರಿಡ್ಯೂಸ್ ಮೋಷನ್ ಹಾಕಿದವರಿಗೆ ಬೆಟ್ಟಗಳು ಒಂದೇ ಚಿತ್ರವಾಗಿ ನಿಲ್ಲಲಿ, ಎಸಳುಗಳು ಬೀಳದಿರಲಿ, ಯಾವ ಬರಹವೂ ಮರೆಯಾಗದಿರಲಿ. ಇದನ್ನು ಐಫೋನ್, ಆಂಡ್ರಾಯ್ಡ್, ವಿಂಡೋಸ್ ಮೂರರಲ್ಲೂ ಪರೀಕ್ಷಿಸಿ ಪರದೆಯ ರೆಕಾರ್ಡಿಂಗ್ ಕಳಿಸಿ.’ ಆ ರೆಕಾರ್ಡಿಂಗನ್ನು ನೀವು ನೋಡಬೇಡಿ, ಮಗನಿಗೆ ನೋಡಲು ಹೇಳಿ. ಅವನು ಸರಿಯಿದೆ ಎಂದ ಮೇಲೆ ನೀವು ಬೆಳಗಿನ ಹೊತ್ತು, ದಣಿವಿಲ್ಲದಾಗ, ಒಂದೊಂದೇ ಪುಟವನ್ನು ತೆರೆದು ನೋಡಿ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದ ಮೇಲೆ ತೋಟ ಬೆಳ್ಳಗಾಗಿರುವ ಒಂದು ಒಳ್ಳೆಯ ಫೋಟೊ ನಿಮ್ಮಲ್ಲಿದ್ದರೆ ಉದುರುವ ಎಸಳುಗಳ ಜಾಗಕ್ಕೆ ಅದನ್ನೇ ಕೊಡಿ.

ಪುತ್ತರಿಯೊಳಗೆ ಇಷ್ಟೂ ಆಗದಿದ್ದರೆ ಬುಕಿಂಗ್, ದರ ಮತ್ತು ದಾರಿ, ಈ ಮೂರು ಪುಟಗಳನ್ನು ಮೊದಲು ಪೂರ್ತಿ ನಿಶ್ಚಲ ಮಾಡಿಸಿ, ಮುಖಪುಟಕ್ಕೆ ಸದ್ಯ ಒಂದು ಫೋಟೊ ಹಾಕಿ ಹೊರಬಿಡಿ. ಬೆಟ್ಟಗಳ ಕೆಲಸವನ್ನು ಹಬ್ಬ ಮುಗಿದ ಮೇಲೆ ನೋಡಿಕೊಳ್ಳಬಹುದು.